ಕಂಕನಾಡಿಯ ಮುಲ್ಲರ್ ಪಾದ್ರಿ: ಸಕ್ಕರೆ ಗುಳಿಗೆಯಿಂದ ದನದ ಹಟ್ಟಿಯವರೆಗೆ

ಮಂಗಳೂರಿನಲ್ಲಿ ಕಂಕನಾಡಿ ಎಂದೊಡನೆ ಹೆಚ್ಚಿನವರ ಬಾಯಿಗೆ ಬರುವ ಹೆಸರು ಫಾದರ್ ಮುಲ್ಲರ್ ಅವರದು. ಜಿಲ್ಲೆಯ ಯಾವ ಮೂಲೆಯಿಂದ ಬಂದ ರೋಗಿಯೂ ಬಸ್ಸಿನ ನಿರ್ವಾಹಕನಿಗೆ ಆಸ್ಪತ್ರೆಯ ಪೂರ್ಣ ಹೆಸರು ಹೇಳುವುದಿಲ್ಲ. ಮುಲ್ಲರ್ ಎಂದರೆ ಸಾಕು. ಅಷ್ಟು ಪರಿಚಿತವಾದ ಈ ಹೆಸರಿನ ಹಿಂದೆ ಇದ್ದ ಮನುಷ್ಯನ ಬದುಕು ಮಾತ್ರ ನಮ್ಮ ರೈತ ಬಾಂಧವರಲ್ಲಿ ಅನೇಕರಿಗೆ ತಿಳಿದಂತಿಲ್ಲ. ಕೃಷಿ ಮಾಹಿತಿಯ ಈ ಅಂಕಣದಲ್ಲಿ ಒಬ್ಬ ಕ್ರೈಸ್ತ ಪಾದ್ರಿಯ ಜೀವನವೇಕೆ ಎಂದು ಕೇಳುವವರಿರಬಹುದು. ಹಸುವಿಗೆ ಹೋಮಿಯೋಪತಿ ಕೊಡಬಹುದೇ, ನೋವಿಗೆ ಸೂಜಿಚಿಕಿತ್ಸೆ ಮಾಡಿಸಬಹುದೇ, ಕೆಚ್ಚಲು ಬಾವಿಗೆ ಮನೆಮದ್ದು ಸಾಕೇ ಎಂಬ ಪ್ರಶ್ನೆಗಳು ತರಬೇತಿಗಳಲ್ಲಿ ಪದೇ ಪದೇ ಎದುರಾಗುತ್ತವೆ. ಕರಾವಳಿಯಲ್ಲಿ ಈ ಪ್ರಶ್ನೆಯ ಬೇರು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ಕಂಕನಾಡಿಯ ಒಂದು ಆಲದ ಮರದ ಬುಡದಲ್ಲಿ.

ಅಗಸ್ಟಸ್ ಮುಲ್ಲರ್ ಅವರು ಹುಟ್ಟಿದ್ದು 1841ರ ಮಾರ್ಚ್ 13ರಂದು, ಜರ್ಮನಿಯ ವೆಸ್ಟ್‌ಫೇಲಿಯಾ ಪ್ರಾಂತದಲ್ಲಿ. ಹೋಮಿಯೋಪತಿಯ ಪ್ರವರ್ತಕ ಸ್ಯಾಮ್ಯುಯೆಲ್ ಹಾನಿಮನ್ ಪ್ಯಾರಿಸ್ಸಿನಲ್ಲಿ ತೀರಿಕೊಂಡದ್ದು 1843ರಲ್ಲಿ. ಆಗ ಮುಲ್ಲರ್ ಎರಡು ವರ್ಷದ ಮಗು. ತಾರುಣ್ಯದಲ್ಲಿಯೇ ಅವರು ಯೇಸುಸಭೆಯನ್ನು ಸೇರಿದರು. ಅವರ ತಾಯ್ನಾಡಿನಲ್ಲಿ ಅದು ಆ ಸಭೆಗೆ ಒಳ್ಳೆಯ ಕಾಲವಾಗಿರಲಿಲ್ಲ. ಬಿಸ್ಮಾರ್ಕನ ಸರಕಾರವು 1872ರಲ್ಲಿ ಯೇಸುಸಭೆಯನ್ನು ಜರ್ಮನಿಯಿಂದ ಹೊರಗಟ್ಟಿತು.

1878ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಮಂಗಳೂರು ಮಿಶನ್ನಿನ ಹೊಣೆಯನ್ನು ಯೇಸುಸಭೆಗೆ ಒಪ್ಪಿಸಿದರು. ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಮುಲ್ಲರ್ ಆ ತಂಡದಲ್ಲಿದ್ದರು. ಮುಂದೆ ಕೊಂಕಣಿ ನಿಘಂಟು ರಚಿಸಿ ಹೆಸರಾದ ಮಫೆಯಿ ಅವರೂ ಅದರಲ್ಲಿಯೇ ಇದ್ದವರು. ಆಗಿನ ಮಂಗಳೂರಿಗೆ ರೈಲು ಬಂದಿರಲಿಲ್ಲ. ಅದು ಬಂದದ್ದು 1907ರಲ್ಲಿ. ದಕ್ಷಿಣ ಕನ್ನಡವು ಮದ್ರಾಸು ಪ್ರಾಂತದ ಒಂದು ದೂರದ ಜಿಲ್ಲೆ. ಘಟ್ಟ, ಹೊಳೆ ಮತ್ತು ಮಳೆಗಾಲಗಳು ಸೇರಿ ವರ್ಷದ ಅರ್ಧಭಾಗ ಊರಿಗೂ ಊರಿಗೂ ಸಂಪರ್ಕ ಕಡಿದುಹೋಗುತ್ತಿತ್ತು. ಹಳ್ಳಿಯವನಿಗೆ ಕಾಯಿಲೆಯಾದರೆ ಗತಿ ಪಂಡಿತರ ಕಷಾಯ, ದೈವದ ಪ್ರಸಾದ ಅಥವಾ ಹಣೆಬರಹ.

1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಮುಲ್ಲರ್ ಅಲ್ಲಿ ಅಧ್ಯಾಪಕರಾದರು. ಅವರು ವೃತ್ತಿಯಿಂದ ವೈದ್ಯರಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಹೋಮಿಯೋಪತಿಯ ತಿಳಿವಳಿಕೆ ಮಾತ್ರ ಅವರೊಡನೆ ಬಂದಿತ್ತು. ಮೊದಮೊದಲು ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ, ಬಳಿಕ ಸುತ್ತಲಿನ ಬಡವರಿಗೆ ಅವರು ಔಷಧ ಕೊಡತೊಡಗಿದರು. ಅದೇ ವರ್ಷ ಕಂಕನಾಡಿಯ ಆಲದ ಮರದ ಕೆಳಗೆ ಬಡವರ ಹೋಮಿಯೋಪತಿ ಔಷಧಾಲಯ ತೆರೆದುಕೊಂಡಿತು. ಇಂದಿನ ಬಹುಮಹಡಿಯ ಆಸ್ಪತ್ರೆಗೆ ಮೂಲ ಅದೇ.

ಮುಲ್ಲರ್ ಅವರಿಗೂ ಮೊದಲೇ ಹೋಮಿಯೋಪತಿ ಭಾರತವನ್ನು ಮುಟ್ಟಿತ್ತು. 1839ರಲ್ಲಿ ಹೋನಿಗ್‌ಬರ್ಗರ್ ಎಂಬ ಯುರೋಪಿನ ವೈದ್ಯ ಲಾಹೋರಿನಲ್ಲಿ ಮಹಾರಾಜ ರಣಜಿತ್ ಸಿಂಗರಿಗೆ ಈ ಪದ್ಧತಿಯಿಂದ ಚಿಕಿತ್ಸೆ ಮಾಡಿದ್ದನು. ಮಹಾರಾಜರ ಮೆಚ್ಚಿನ ಕುದುರೆಯ ಕಾಲಿನ ಹುಣ್ಣಿಗೂ ಅವನೇ ಮದ್ದು ಕೊಟ್ಟನೆಂಬ ಕಥೆಯನ್ನು ಹೋಮಿಯೋಪತಿಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಕಲ್ಕತ್ತೆಯಲ್ಲಿ ಮಹೇಂದ್ರಲಾಲ್ ಸರ್ಕಾರ್ ಅವರು 1867ರಲ್ಲಿ ಬಹಿರಂಗವಾಗಿ ಈ ಪಕ್ಷಕ್ಕೆ ಬಂದ ಮೇಲೆ ಬಂಗಾಳದಲ್ಲಿ ಅದು ಮನೆಮಾತಾಯಿತು. ದಕ್ಷಿಣದಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿ ಬಹುಮಟ್ಟಿಗೆ ಕಂಕನಾಡಿಗೆ ಸಲ್ಲಬೇಕು. ಇಟಲಿಯ ಕೌಂಟ್ ಮತ್ತೇಯಿ ರೂಪಿಸಿದ ಎಲೆಕ್ಟ್ರೋಹೋಮಿಯೋಪತಿ ಎಂಬ ಇನ್ನೊಂದು ಪದ್ಧತಿಯ ಔಷಧಗಳನ್ನೂ ಮುಲ್ಲರ್ ತರಿಸಿ ಹಂಚಿದರು.

ಅವರ ನಿಜವಾದ ಜಾಣ್ಮೆ ಕಾಣುವುದು ಅಂಚೆಯ ಬಳಕೆಯಲ್ಲಿ. ಮರದ ಸಣ್ಣ ಪೆಟ್ಟಿಗೆ, ಅದರೊಳಗೆ ಸಾಲಾಗಿ ಜೋಡಿಸಿದ ಪುಟ್ಟ ಸೀಸೆಗಳು, ಜೊತೆಗೊಂದು ಅಚ್ಚಾದ ಕೈಪಿಡಿ. ಯಾವ ಲಕ್ಷಣಕ್ಕೆ ಯಾವ ಗುಳಿಗೆ, ಎಷ್ಟು, ದಿನಕ್ಕೆ ಎಷ್ಟು ಬಾರಿ ಎಂಬುದು ಅದರಲ್ಲಿ. ಓದು ಬಲ್ಲ ಶಾನುಭೋಗ, ಶಾಲೆಯ ಉಪಾಧ್ಯಾಯ, ತೋಟದ ಗುಮಾಸ್ತ ಯಾರು ಬೇಕಾದರೂ ತನ್ನ ಊರಿನ ಔಷಧದಾತನಾಗಬಹುದಿತ್ತು. ಪಾರ್ಸೆಲುಗಳು ಕಂಕನಾಡಿಯಿಂದ ಭಾರತದ ನಾನಾ ಕಡೆಗೆ ಹೋದವು. ಮಾರಾಟದಿಂದ ಬಂದ ಹಣ ಬಡ ರೋಗಿಗಳ ಉಪಚಾರಕ್ಕೆ ಸಂದಿತು. ವಿಸ್ತರಣಾ ಕಾರ್ಯದಲ್ಲಿರುವವರು ಇದನ್ನು ಗಮನಿಸಬೇಕು. ಬೀಜೋಪಚಾರದ ಕಿರುಪೊಟ್ಟಣ ಮತ್ತು ಒಂದು ಹಾಳೆಯ ಮಾಹಿತಿ ಪತ್ರವನ್ನು ಒಟ್ಟಿಗೆ ಕೊಡುವ ನಮ್ಮ ಇಂದಿನ ಕ್ರಮವನ್ನು ಅವರು ನೂರು ವರ್ಷಗಳಿಗೂ ಹಿಂದೆಯೇ ಬಳಸಿದ್ದರು.

ರೋಗಿಯನ್ನು ಬೇರೆಯಿಡುವುದು

1890ರಲ್ಲಿ ಮುಲ್ಲರ್ ಕುಷ್ಠರೋಗಿಗಳಿಗಾಗಿ ಸಂತ ಜೋಸೆಫರ ಹೆಸರಿನ ಆಶ್ರಯಧಾಮವನ್ನು ತೆರೆದರು. ಕುಷ್ಠದ ರೋಗಾಣುವನ್ನು ನಾರ್ವೆಯ ಹಾನ್ಸೆನ್ 1873ರಲ್ಲಿಯೇ ಗುರುತಿಸಿದ್ದರೂ ಅದನ್ನು ಕೊಲ್ಲುವ ಔಷಧ ಬರಲು ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಲೋಕಕ್ಕೆ ಗೊತ್ತಿದ್ದ ಮದ್ದೆಂದರೆ ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಗರುಡಫಲ ಮತ್ತು ಅದರ ಜಾತಿಯ ಮರಗಳ ಬೀಜದ ಎಣ್ಣೆ. ಅದರ ಫಲವೂ ಅಷ್ಟಕ್ಕಷ್ಟೆ. ಹಾಗಾಗಿ ಕುಷ್ಠಧಾಮದಲ್ಲಿ ರೋಗಿಗೆ ದೊರೆತದ್ದು ಮುಖ್ಯವಾಗಿ ಸೂರು, ಊಟ, ಹುಣ್ಣಿಗೆ ಪಟ್ಟಿ, ಮುಟ್ಟಿ ಮಾತನಾಡಿಸುವ ಮನುಷ್ಯರು.

1896ರಲ್ಲಿ ಮುಂಬಯಿಗೆ ಬಂದಿಳಿದ ಪ್ಲೇಗು ಕೆಲವೇ ವರ್ಷಗಳಲ್ಲಿ ಕರಾವಳಿಗೂ ಹಬ್ಬಿತು. 1902ರಲ್ಲಿ ಮುಲ್ಲರ್ ಪ್ಲೇಗು ಆಸ್ಪತ್ರೆ ತೆರೆದರು. ಜನ ಮನೆಬಿಟ್ಟು ಗುಡ್ಡೆಗಳಲ್ಲಿ ಗುಡಿಸಲು ಹಾಕಿಕೊಂಡ ಕಾಲವದು. ಹತ್ತಿರ ಹೋಗಲು ಬಂಧುಗಳೇ ಅಂಜುತ್ತಿದ್ದ ರೋಗಿಗಳನ್ನು ಇರಿಸಿಕೊಂಡು ಶುಶ್ರೂಷೆ ಮಾಡುವ ಜಾಗ ಅದಾಯಿತು. ಅವರು ಕೊಟ್ಟ ಗುಳಿಗೆ ಪ್ಲೇಗಿನ ರೋಗಾಣುವನ್ನು ಕೊಲ್ಲುತ್ತಿರಲಿಲ್ಲ ಎಂದು ಇಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಆದರೆ ರೋಗಿಯನ್ನು ಆರೋಗ್ಯವಂತರಿಂದ ಬೇರೆಯಿಡುವುದು, ಶುಚಿತ್ವ, ನೀರು, ಗಂಜಿ, ನಿದ್ದೆ ಇವು ಆ ಕಾಲದ ಯಾವುದೇ ಔಷಧಕ್ಕಿಂತ ಹೆಚ್ಚು ಜೀವ ಉಳಿಸಬಲ್ಲಂಥವು. ಮುಲ್ಲರ್ ಅವರ ಕೆಲಸದಲ್ಲಿ ಯಾವುದು ಫಲ ಕೊಟ್ಟಿತು, ಯಾವುದರ ಹೆಸರಿಗೆ ಆ ಫಲ ಸಂದಿತು ಎಂಬುದನ್ನು ಬಿಡಿಸಿ ನೋಡಿದರೆ ಹಟ್ಟಿಯ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಅದೇ ದಶಕಗಳಲ್ಲಿ ದನಗಳಿಗೆ ಬಂದೆರಗುತ್ತಿದ್ದ ಮಹಾಮಾರಿಯೆಂದರೆ ದೊಡ್ಡರೋಗ. ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ ತೆಗೆಯುವ ತುಳುನಾಡಿನ ಗದ್ದೆಗೆ ಎತ್ತು, ಕೋಣಗಳೇ ಆಧಾರ. ಉಳುವ ಜೋಡಿ ಸತ್ತರೆ ಒಕ್ಕಲಿನವನ ಆ ವರ್ಷದ ಅನ್ನವೇ ಹೋದಂತೆ. ದೊಡ್ಡರೋಗದ ಕಾರಣಕ್ಕಾಗಿಯೇ ಬ್ರಿಟಿಷ್ ಸರಕಾರ 1889ರಲ್ಲಿ ಪುಣೆಯಲ್ಲಿ ಪಶುರೋಗ ಸಂಶೋಧನೆಯ ಪ್ರಯೋಗಾಲಯ ತೆರೆದು, 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಒಯ್ದಿತು. 1897ರಲ್ಲಿ ರಾಬರ್ಟ್ ಕಾಖ್ ಅಲ್ಲಿಗೆ ಭೇಟಿ ಕೊಟ್ಟಿದ್ದರು. ಮಂತ್ರ, ಬರೆ, ಕಷಾಯ, ಗುಳಿಗೆ ಯಾವುದಕ್ಕೂ ಬಗ್ಗದ ಆ ರೋಗ ಕಡೆಗೆ ಸೋತದ್ದು ಲಸಿಕೆಗೆ. 1954ರಿಂದ ರಾಷ್ಟ್ರವ್ಯಾಪಿಯಾಗಿ ಲಸಿಕೆ ಹಾಕುತ್ತ ಬಂದು, 2006ರಲ್ಲಿ ಭಾರತ ಅದರಿಂದ ಮುಕ್ತವಾಯಿತು. 2011ರಲ್ಲಿ ಇಡೀ ಜಗತ್ತು. ಇಂದಿನ ತರುಣ ಹೈನುಗಾರರಿಗೆ ದೊಡ್ಡರೋಗ ಎಂಬ ಶಬ್ದವೇ ಗೊತ್ತಿಲ್ಲದಿರುವುದು ನನಗೆ ಸಂತೋಷದ ಸಂಗತಿ.

ಗುಳಿಗೆ ಹಟ್ಟಿಗೆ ಬಂದ ಬಗೆ

ಮುಲ್ಲರ್ ಅವರ ಔಷಧಾಲಯ ಬಡ ಮನುಷ್ಯರಿಗಾಗಿ ಇದ್ದುದು. ಆದರೆ ಮನೆಯ ಕಪಾಟಿನಲ್ಲಿ ಗುಳಿಗೆಯ ಡಬ್ಬಿ ಇದ್ದ ಮೇಲೆ ಅದು ಹಟ್ಟಿಗೆ ಹೋಗದೆ ಇರುತ್ತದೆಯೇ? ಪ್ರಾಣಿಗಳಿಗೆ ಹೋಮಿಯೋಪತಿ ಕೊಡುವ ಆಲೋಚನೆ ಯುರೋಪಿನಲ್ಲಿ ಹಾನಿಮನ್ನರ ಕಾಲದ್ದೇ. ಲೈಪ್‌ಜಿಗ್‌ನ ಪಶುವೈದ್ಯ ವಿಲ್ಹೆಲ್ಮ್ ಲಕ್ಸ್ 1833ರಲ್ಲಿ ಜಾನುವಾರುಗಳ ಅಂಟುರೋಗಗಳಿಗೆ ಅವುಗಳ ರೋಗದ್ರವ್ಯವನ್ನೇ ತೆಳುಗೊಳಿಸಿ ಕೊಡುವ ವಿಧಾನವನ್ನು ಪ್ರಕಟಿಸಿದ್ದನು.

ನನ್ನ ಹುಟ್ಟೂರು ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿ. ನಮ್ಮ ತಾಯಿಯವರು ದೇವರ ಕೋಣೆಯ ಗೂಡಿನಲ್ಲಿ ಅಂಥದೊಂದು ಡಬ್ಬಿ ಇಟ್ಟಿದ್ದರು. ಕರು ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡಾಗ ಬಾಳೆಹಣ್ಣಿನೊಳಗೆ ನಾಲ್ಕು ಗುಳಿಗೆ ಇಟ್ಟು ತಿನ್ನಿಸಿದರು. ಐದಾರು ದಿನಗಳಲ್ಲಿ ಕರು ಜಿಗಿದಾಡಿತು. ಡಬ್ಬಿಯ ಮೇಲಿನ ಭಕ್ತಿ ಇಮ್ಮಡಿಯಾಯಿತು. ಮರುವರ್ಷ ಕರು ಹಾಕಿ ಹತ್ತು ದಿನವಾಗಿದ್ದ ಹಸುವಿನ ಕೆಚ್ಚಲು ಒಂದು ಕಡೆ ಗಟ್ಟಿಯಾಯಿತು. ಹಾಲಿನಲ್ಲಿ ಮೊಸರಿನಂಥ ಗಂಟು. ಮೂರು ದಿನ ಗುಳಿಗೆ ನಡೆಯಿತು. ನಾಲ್ಕನೆಯ ದಿನ ಹಸು ಮೇವು ಬಿಟ್ಟಿತು. ಆಗ ಆರು ಮೈಲಿ ನಡೆದು ಪಶುವೈದ್ಯರನ್ನು ಕರೆತರಲಾಯಿತು. ಹಸು ಬದುಕಿತು, ಒಂದು ಮೊಲೆ ಶಾಶ್ವತವಾಗಿ ಬತ್ತಿತು. ತಾಯಿಯವರು ಗುಳಿಗೆಯನ್ನು ಎಂದೂ ದೂರಲಿಲ್ಲ. ಎರಡನೆಯ ದಿನ ಸಂಜೆಯ ಸರತಿ ತಪ್ಪಿಹೋದದ್ದೇ ಕಾರಣವೆಂದು ಕೊನೆಯವರೆಗೂ ನಂಬಿದ್ದರು. ಹಾಲು ಮಾರಿದ ಹಣದಲ್ಲಿ ಶುಲ್ಕ ಕಟ್ಟಿ ಕೃಷಿ ಕಾಲೇಜಿನಲ್ಲಿ ಓದಲಿದ್ದ ನಾನು ಆ ಲೆಕ್ಕವನ್ನು ಮರೆತಿಲ್ಲ.

ಮೊಣಕಾಲಿನ ಊತ ಹೆಚ್ಚಿನ ಸಂದರ್ಭದಲ್ಲಿ ತಾನಾಗಿಯೇ ಇಳಿಯುತ್ತದೆ. ಏನೂ ಕೊಡದಿದ್ದರೂ ಕರು ಜಿಗಿಯುತ್ತಿತ್ತು. ಕೆಚ್ಚಲು ಬಾವು ಹಾಗಲ್ಲ. ಅದು ರೋಗಾಣುಗಳ ಕೆಲಸ, ಗಂಟೆ ಗಂಟೆಗೂ ಹಾಲಿನ ಗ್ರಂಥಿಗಳು ನಾಶವಾಗುತ್ತಿರುತ್ತವೆ. ಹೋಮಿಯೋಪತಿಯಲ್ಲಿ ಮೂವತ್ತನೆಯ ಶಕ್ತಿ ಎನ್ನುವ ಔಷಧ ತಯಾರಾಗುವುದು ಒಂದು ಹನಿಗೆ 99 ಹನಿ ಸೇರಿಸುವ ಕ್ರಿಯೆಯನ್ನು ಮೂವತ್ತು ಸಲ ಮಾಡಿದಾಗ. ಹನ್ನೆರಡನೆಯ ಸಲ ದಾಟುವಷ್ಟರಲ್ಲಿಯೇ ಮೂಲದ್ರವ್ಯದ ಒಂದು ಅಣುವಾದರೂ ಉಳಿದಿರುವ ಸಂಭವ ತೀರ ಕಡಿಮೆ. ಭತ್ತಕ್ಕೆ ಸತುವಿನ ಕೊರತೆಯಾದಾಗ ಲೀಟರು ನೀರಿಗೆ 5 ಗ್ರಾಂ ಸತುವಿನ ಸಲ್ಫೇಟು ಬೆರೆಸಿ ಎಂದು ಶಿಫಾರಸು ಮಾಡುವ ನನಗೆ, ದ್ರವ್ಯವೇ ಇಲ್ಲದ ದ್ರಾವಣದಿಂದ ಗುಣವನ್ನು ನಿರೀಕ್ಷಿಸುವುದು ಕಷ್ಟ. ಜಾನುವಾರುಗಳ ಮೇಲೆ ಕ್ರಮಬದ್ಧವಾಗಿ ನಡೆದ ಪರೀಕ್ಷೆಗಳೂ ನಂಬಿ ಶಿಫಾರಸು ಮಾಡುವಷ್ಟು ಬಲವಾದ ಪುರಾವೆಯನ್ನು ಕೊಟ್ಟಿಲ್ಲ. ಈ ಮಾತು ಈ ಊರಿನಲ್ಲಿ ಅನೇಕರಿಗೆ ಅಪ್ರಿಯವಾಗುವುದೆಂದು ಬಲ್ಲೆ.

ಹಾಗೆಂದು ಪರ್ಯಾಯ ಚಿಕಿತ್ಸೆಗಳನ್ನೆಲ್ಲ ಒಂದೇ ಕಟ್ಟಿಗೆ ಕಟ್ಟಿ ಎಸೆಯುವುದೂ ವಿಜ್ಞಾನವಲ್ಲ. ಚೀನಾದಲ್ಲಿ ಕುದುರೆಗಳಿಗೆ ಬಹುಕಾಲದಿಂದ ನಡೆದುಬಂದ ಸೂಜಿಚಿಕಿತ್ಸೆಯನ್ನು, ಅಂದರೆ ಆಕ್ಯುಪಂಕ್ಚರನ್ನು, ಇಂದು ಹಲವು ದೇಶಗಳ ಪಶುವೈದ್ಯರು ಕುದುರೆಯ ಕುಂಟು, ನಾಯಿಯ ಬೆನ್ನುಹುರಿಯ ನೋವುಗಳಿಗೆ ಬಳಸುತ್ತಾರೆ. ಸೂಜಿಯ ಚುಚ್ಚುವಿಕೆಯಿಂದ ನರಗಳು ಪ್ರಚೋದನೆಗೊಂಡು ದೇಹದಲ್ಲಿ ನೋವು ತಗ್ಗಿಸುವ ರಸಗಳು ಸ್ರವಿಸುತ್ತವೆ ಎಂಬುದಕ್ಕೆ ಶಾರೀರಿಕ ಆಧಾರವಿದೆ. ಫಲದ ವಿಷಯದಲ್ಲಿ ಮಾತ್ರ ವರದಿಗಳು ಮಿಶ್ರವಾಗಿವೆ. ಅದು ನೋವಿಗೆ ಪೂರಕವಾಗಬಹುದೇ ಹೊರತು ಸೋಂಕಿಗೆ ಮದ್ದಲ್ಲ. ತರಬೇತಿ ಪಡೆದ ಪಶುವೈದ್ಯರಲ್ಲದೆ ಬೇರೆ ಯಾರೂ ಮಾಡಬಾರದು. ನಮ್ಮ ಕೆಲವು ಊರುಗಳಲ್ಲಿ ಇನ್ನೂ ಉಳಿದಿರುವ ಬರೆ ಹಾಕುವ ಪದ್ಧತಿಯನ್ನು ಸೂಜಿಚಿಕಿತ್ಸೆಯ ಬಂಧುವೆಂದು ಸಮರ್ಥಿಸುವವರನ್ನು ಕಂಡಿದ್ದೇನೆ. ಅದು ಹಿಂಸೆ ಮತ್ತು ಹೊಸ ಹುಣ್ಣಿಗೆ ದಾರಿ, ಅಷ್ಟೆ. ಕಂಬಳದ ಕೋಣಗಳಿಗೆ ಎಣ್ಣೆ ತಿಕ್ಕಿ, ಹುರುಳಿ ತಿನ್ನಿಸಿ, ಈಜಾಡಿಸುವ ಆರೈಕೆಯ ಬಗ್ಗೆ ನನಗೆ ಗೌರವವಿದೆ.

ಗಿಡಮೂಲಿಕೆಯ ದಾರಿ ಬೇರೆಯೇ. ಅಲ್ಲಿ ದ್ರವ್ಯವಿದೆ, ಪ್ರಮಾಣವಿದೆ, ಪರೀಕ್ಷಿಸಲು ಅವಕಾಶವಿದೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿಯೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯ ಎಂಬ ಗ್ರಂಥ ಬರೆದನು. ಅದರಲ್ಲಿ ಮದ್ದಿನೊಡನೆ ಮಂತ್ರವೂ ಬೆರೆತಿದೆ. ಮದ್ದನ್ನು ಮಂತ್ರದಿಂದ ಬೇರ್ಪಡಿಸುವ ಕೆಲಸ ನಮ್ಮದು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಕೆಚ್ಚಲು ಬಾವಿಗೆ ಪ್ರಚಾರ ಮಾಡುತ್ತಿರುವ ಲೇಪವನ್ನು ಉದಾಹರಿಸಬಹುದು: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಇವನ್ನು ಒಟ್ಟಿಗೆ ಅರೆದರೆ ಕೆಂಪು ಬಣ್ಣದ ಮುದ್ದೆಯಾಗುತ್ತದೆ. ಒಂದು ಹಿಡಿ ಮುದ್ದೆಯನ್ನು 150ರಿಂದ 200 ಮಿಲಿ ನೀರಿನಲ್ಲಿ ಕದಡಿ, ಕೆಚ್ಚಲನ್ನು ಪೂರ್ತಿ ಹಿಂಡಿ ತೊಳೆದ ಮೇಲೆ ಇಡೀ ಕೆಚ್ಚಲಿಗೆ ಹಚ್ಚಬೇಕು. ದಿನಕ್ಕೆ ಹತ್ತು ಸಲದಂತೆ ಐದು ದಿನ ಹಚ್ಚುವುದು ಕ್ರಮ. ಜೊತೆಗೆ ಮೂರು ದಿನ, ದಿನಕ್ಕೆ ಎರಡು ನಿಂಬೆಹಣ್ಣು ತಿನ್ನಿಸುವುದು. ಪ್ರತಿಜೀವಕದ ಚುಚ್ಚುಮದ್ದು ಕೊಟ್ಟಾಗ ನಿಗದಿತ ದಿನಗಳವರೆಗೆ ಹಾಲನ್ನು ಡೇರಿಗೆ ಹಾಕುವಂತಿಲ್ಲವಾದುದರಿಂದ, ಆರಂಭದ ಹಂತದಲ್ಲಿ ಇಂಥ ಲೇಪಕ್ಕೆ ಬೆಲೆಯಿದೆ. ಆದರೆ ಹಸುವಿಗೆ ಜ್ವರ ಬಂದಿದ್ದರೆ, ಮೇವು ಬಿಟ್ಟಿದ್ದರೆ, ಹಾಲು ನೀರಾಗಿ ಅಥವಾ ರಕ್ತಮಿಶ್ರಿತವಾಗಿ ಬಂದರೆ, ಮೊಲೆ ತಣ್ಣಗಾಗಿ ನೀಲಿಗಟ್ಟಿದರೆ ಲೇಪವನ್ನೇ ನಂಬಿ ಒಂದು ರಾತ್ರಿಯನ್ನೂ ಕಳೆಯಬಾರದು. 1962 ಸಂಖ್ಯೆಗೆ ಕರೆಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ದೊರೆಯುತ್ತದೆ. ಕಾಲುಬಾಯಿ ರೋಗ, ಗಳಲೆ ರೋಗ, ಚಪ್ಪೆ ರೋಗ, ಚರ್ಮಗಂಟು ರೋಗಗಳಿಗೆ ಲಸಿಕೆಯೊಂದೇ ರಕ್ಷಣೆ. ಹೋಮಿಯೋಪತಿಯ ಕೆಲವರು ಲಸಿಕೆಗೆ ಬದಲಿಯೆಂದು ಗುಳಿಗೆ ಕೊಡುವುದುಂಟು. ಅದನ್ನು ಒಪ್ಪಬೇಡಿ.

ರೋಗ ಬಂದ ಹಸುವನ್ನು ಅದೇ ಹಗ್ಗದ ಸಾಲಿನಲ್ಲಿ ಕಟ್ಟಿಹಾಕಿ, ಅದೇ ಬಕೆಟಿನಲ್ಲಿ ನೀರಿಟ್ಟು, ಮೊದಲು ಅದರ ಹಾಲು ಕರೆದು ಬಳಿಕ ಅದೇ ಕೈಯಿಂದ ಉಳಿದವುಗಳ ಹಾಲು ಕರೆಯುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. ಪ್ಲೇಗಿನ ವರ್ಷದಲ್ಲಿ ಕಂಕನಾಡಿಯಲ್ಲಿ ನಡೆದ ಕೆಲಸವನ್ನು ಬಲ್ಲವರು ಹೀಗೆ ಮಾಡಲಾರರು. ಬೇರೆ ಕೊಟ್ಟಿಗೆ, ಒಣಗಿದ ಹಾಸು, ಬೆಚ್ಚಗಿನ ನೀರು, ಕರೆಯುವ ಸರದಿಯಲ್ಲಿ ರೋಗದ ಹಸು ಕೊನೆಗೆ. ಇದಕ್ಕೆ ಯಾವ ಪದ್ಧತಿಯ ವೈದ್ಯರ ಆಕ್ಷೇಪವೂ ಇಲ್ಲ.

ಮುಲ್ಲರ್ ಅವರ ಕೊನೆಯ ವರ್ಷಗಳ ಹೊತ್ತಿಗೆ ಕಂಕನಾಡಿಯ ಗುಡ್ಡದ ಮೇಲೆ ಔಷಧಾಲಯ, ಆಸ್ಪತ್ರೆ, ಕುಷ್ಠಧಾಮ, ಪ್ಲೇಗಿನ ವಾರ್ಡು ಎಲ್ಲವೂ ಇದ್ದವು. ಬ್ರಿಟಿಷ್ ಸರಕಾರ 1907ರಲ್ಲಿ ಅವರಿಗೆ ಕೈಸರ್-ಇ-ಹಿಂದ್ ಪದಕವಿತ್ತಿತು. 1910ರ ನವೆಂಬರ್ 1ರಂದು ಅವರು ತೀರಿಕೊಂಡರು. ಮಂಗಳೂರಿಗೆ ಬಂದು ಮೂವತ್ತೆರಡು ವರ್ಷಗಳಾಗುತ್ತ ಬಂದಿದ್ದವು. ಅವರ ಸಂಸ್ಥೆ ಮುಂದೆ ಆಧುನಿಕ ವೈದ್ಯಪದ್ಧತಿಯನ್ನು ಪೂರ್ಣವಾಗಿ ಅಳವಡಿಸಿಕೊಂಡಿತು. 1985ರಲ್ಲಿ ಅಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದವು. ಒಂದೇ ಹೆಸರಿನಡಿಯಲ್ಲಿ ಎರಡೂ ನಡೆಯುತ್ತಿವೆ. ಕೃಷಿ ವಿಜ್ಞಾನ ಕೇಂದ್ರದ ಅಂಚೆ ವಿಳಾಸದಲ್ಲಿಯೂ ಕಂಕನಾಡಿಯ ಹೆಸರೇ ಇದೆ. ತಮ್ಮವರಿಗೆ ಮದ್ದು ತರಲು ಆಸ್ಪತ್ರೆಗೆಂದು ಬಂದ ರೈತರು ಹಾಗೆಯೇ ನಮ್ಮಲ್ಲಿಗೂ ಬಂದು, ಹಸುವಿನ ಕೆಚ್ಚಲಿನ ಫೋಟೋವನ್ನು ಮೊಬೈಲಿನಲ್ಲಿ ತೋರಿಸುವುದುಂಟು.